ಗಾಳಿಕಿಂಡಿಯ ಕೆಳಗಿನ ಅಂಟು

ಲ್ಯಾಂಕಾಸ್ಟರ್, ಪೆನ್ಸಿಲ್ವೇನಿಯಾ
9 ಏಪ್ರಿಲ್ 1988

ಅಪ್ಪ,

ಅಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ನಾಲ್ಕು ವರ್ಷವಾಯಿತು. ನೀನೂ ಬರೆದಿಲ್ಲ, ಆದ್ದರಿಂದ ಇಬ್ಬರಿಗೂ ಸರಿಹೋಯಿತು. ಕ್ರಿಸ್‌ಮಸ್ಸಿಗೆ ನೀನು ಲಕೋಟೆಯಲ್ಲಿಟ್ಟು ಕಳಿಸುವ, ಚರ್ಚಿನಲ್ಲಿ ಕೊಡುವ ಹಬ್ಬದ ತೆಳು ಹಪ್ಪಳ ಮಾತ್ರ ತಪ್ಪದೆ ಬರುತ್ತದೆ. ಜೊತೆಗೆ ಒಂದಕ್ಷರವೂ ಇರುವುದಿಲ್ಲ.

ಗಾಬರಿಯಾಗಬೇಡ, ಕೆಲಸದ ವಿಷಯಕ್ಕೆ ಬರೆಯುತ್ತಿದ್ದೇನೆ. ಹಳೆಯ ಕಾರುಗಳ ಯಾವ ಭಾಗ ಕಾರ್ಖಾನೆಯಿಂದಲೇ ಬಂದದ್ದು, ಯಾವುದು ಆಮೇಲೆ ಅಂಟಿಸಿದ್ದು ಎಂದು ನೋಡಿ ಸಹಿ ಹಾಕುವುದು ನನ್ನ ಹೊಟ್ಟೆಪಾಡು. "ನಾವು ಬೆವರು ಸುರ್ಸಿ ಕಟ್ಟಿದ್ದನ್ನ ನೀನು ಭೂತಗನ್ನಡಿ ಹಿಡ್ಕೊಂಡು ನೋಡ್ತೀಯ, ಅದಕ್ಕೆ ಜನ ಕಾಸು ಬೇರೆ ಕೊಡ್ತಾರೆ" ಅಂತ ನೀನು ನಕ್ಕದ್ದು ಮರೆತಿಲ್ಲ.

ಇಲ್ಲಿ ಎಲ್ವುಡ್ ಕ್ರೈಡರ್ ಅಂತ ಒಬ್ಬರಿದ್ದಾರೆ. ಹಾಲು ಕರೆಯುವ ಯಂತ್ರಗಳ ವ್ಯಾಪಾರಿ, ಮಾತು ಜಾಸ್ತಿ, ಮನಸ್ಸು ಒಳ್ಳೆಯದು. ಒಹಾಯೋದ ಒಬ್ಬ ವಿಧವೆಯ ಕೊಟ್ಟಿಗೆಯಲ್ಲಿ ದೂಳು ತಿನ್ನುತ್ತಿದ್ದ 1970ರ ವುಲ್ವರಿನ್ ಕಾರೊಂದನ್ನು ಕೊಂಡು ತಂದಿದ್ದಾರೆ. ಹಸಿರು ಬಣ್ಣ. ನೋಡಿದೊಡನೆ ನನಗೆ ನಮ್ಮ ಗ್ಯಾರೇಜು ನೆನಪಾಯಿತು. ಆದರೆ ಆ ವರ್ಷ ಹಸಿರು ವುಲ್ವರಿನ್ ಸಾವಿರಾರು ಹೊರಬಂದಿದ್ದವಲ್ಲ, ಸುಮ್ಮನಾದೆ.

ಅದರ ಬಾನೆಟ್ಟಿನ ಮೇಲೆ ಗಾಳಿಕಿಂಡಿ ಇದೆ. ಒಳಗೆ ಕೂತು ಗುಂಡಿ ಎಳೆದರೆ ತೆರೆದುಕೊಂಡು ಎಂಜಿನ್ನಿಗೆ ತಣ್ಣನೆಯ ಗಾಳಿ ಕುಡಿಸುತ್ತದಲ್ಲ, ಅದೇ. ನೂರು ಕಾರಿನಲ್ಲಿ ಒಂದಕ್ಕೂ ಅದು ಇರುತ್ತಿರಲಿಲ್ಲ. ನೀನು ಅದನ್ನು ಕೂರಿಸುವ ಜಾಗದಲ್ಲೇ ನಿಲ್ಲುತ್ತಿದ್ದೆ, ಅದಕ್ಕೆ ನಿನ್ನನ್ನು ಕೇಳುತ್ತಿದ್ದೇನೆ. ಗುಂಡಿಯ ತೂತಿನ ಅಂಚಿನೊಳಗೂ ಹಳೆಯ ಬಣ್ಣ ಇಳಿದಿದೆ. ಅಂದರೆ ಬಣ್ಣ ಬಳಿಯುವ ಮೊದಲೇ ಹೊಡೆದ ತೂತು, ಕಾರ್ಖಾನೆಯದೇ. ಬೋಲ್ಟುಗಳೂ ಸರಿಯಾಗಿವೆ. ಆದರೆ ಕಿಂಡಿಯ ಕೆಳಗಿನ ಪಟ್ಟಿಯ ಮೇಲೆ, ಎಡಗಡೆ, ಒಂದು ಮುದ್ದೆ ಕಪ್ಪು ಅಂಟು ಮೆತ್ತಿದೆ. ಸಂದಿ ಮುಚ್ಚುವ ಅಂಟು. ಅಲ್ಲಿ ಮುಚ್ಚಲು ಸಂದಿಯೇ ಇಲ್ಲ! ಅದರ ಮೇಲೆ ಯಾರೋ ಪಿಯೆರೋಗಿ ಕಡುಬಿನ ಅಂಚು ಒತ್ತಿದ ಹಾಗೆ ಎರಡು ಗುಳಿ ಬೇರೆ. ಯಾವನೋ ಮನೆಯಲ್ಲಿ ಕೂತು ಕಿಂಡಿ ಕೂರಿಸಿದ್ದಾನೆ ಅನ್ನಿಸುತ್ತದೆ. ಎಲ್ವುಡ್‌ಗೆ, "ಎಲ್ಲಾ ಸರಿ ಇದೆ, ಆ ಮುದ್ದೆ ಒಂದೇ ನಿಮಗೆ ಅಡ್ಡ ಬರೋದು" ಅಂದೆ.

ನೀವು ಅಲ್ಲಿ ಯಾವಾಗಲಾದರೂ ಅಂಟು ಹಾಕುತ್ತಿದ್ದಿರಾ? ಒಂದು ಸಾಲು ಬರೆದರೆ ಸಾಕು.

ದನೂಟಾ


ಹ್ಯಾಮ್ಟ್ರಾಮಿಕ್, ಮಿಷಿಗನ್
21 ಏಪ್ರಿಲ್ 1988

ದನೂಟಾ,

ಕಾಗದ ಬಂತು. ಅಂಚೆಯವನು ಎರಡು ಸಲ ವಿಳಾಸ ನೋಡಿ, "ಮಗಳಾ?" ಅಂತ ಕೇಳಿದ. ಹೌದು ಅಂದೆ. ಅವನಿಗೂ ಆಶ್ಚರ್ಯ.

ನಾನು ಆರೋಗ್ಯವಾಗಿದ್ದೇನೆ, ನೀನು ಕೇಳದಿದ್ದರೂ ಹೇಳುತ್ತೇನೆ. ಕಣ್ಣಿಗೆ ಪೊರೆ ಬಂದಿದೆ. ದೊಡ್ಡ ಅಕ್ಷರದಲ್ಲಿ ಬರೆಯುತ್ತಿರುವುದು ಅದಕ್ಕೇ, ಕೋಪಕ್ಕಲ್ಲ.

ಅಂಟಿನ ವಿಷಯ ಆಮೇಲೆ. ಮೊದಲು ನೀನು ಒಂದು ನೋಡಿ ಹೇಳಬೇಕು. ಕಾರಿನೊಳಗೆ ಓಡಿಸುವವರ ಎದುರಿಗಲ್ಲ, ಪಕ್ಕದಲ್ಲಿ ಕೂರುವವರ ಮುಂದೆ ಸಾಮಾನಿಡುವ ಗೂಡು ಇರುತ್ತದಲ್ಲ, ಅದರ ಬಾಗಿಲಿನ ಒಳಮೈ ಮೇಲೆ ಎರಡು ಸಣ್ಣ ತೂತು ಇದೆಯೇ? ಅಕ್ಕಪಕ್ಕ, ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ. ಕೈ ನಡುಗುವವರು ಕೊರೆದ ಹಾಗೆ ಇರುತ್ತದೆ.

ಅಲ್ಲಿಯವರೆಗೆ ಆ ಅಂಟಿನ ತಂಟೆಗೆ ಯಾರೂ ಹೋಗಬೇಡಿ.

ಅಪ್ಪ


ಲ್ಯಾಂಕಾಸ್ಟರ್
6 ಮೇ 1988

ಅಪ್ಪ,

ಎರಡು ತೂತೂ ಇವೆ.

ನೀನು ನೇರವಾಗಿಯೇ ಕೇಳಬಹುದಿತ್ತು. ನಾನು ಟಾರ್ಚು ಹಿಡಿದು ಬಗ್ಗಿ ನೋಡಿದವಳು ಅಲ್ಲೇ ಸೀಟಿನ ಮೇಲೆ ಕೂತುಬಿಟ್ಟೆ. ದಾರಿಹೋಕರನ್ನು ಕಾಯುವ ಸಂತ ಕ್ರಿಸ್ಟೋಫರನ ತಗಡು ಕೂರಿಸಿದ ತೂತು ಅದು. ಅಮ್ಮ ಕೂರಿಸಿದ್ದು. "ದೇವ್ರ ತಗಡು ಡೊಂಕಾಯ್ತಲ್ಲಮ್ಮ" ಅಂತ ಅಣ್ಣ ತಾದೆಕ್ ರೇಗಿಸಿದ್ದಕ್ಕೆ, "ನೀನು ನೆಟ್ಟಗೆ ಓಡ್ಸು, ಅವನು ಡೊಂಕಾಗಿದ್ರೂ ಕಾಯ್ತಾನೆ" ಅಂದಿದ್ದಳು. ನಾನು ಹಿಂದಿನ ಸೀಟಿನಲ್ಲಿದ್ದೆ.

ಇದು ನಮ್ಮ ತಾದೆಕ್‌ನ ಕಾರು. ನೀನು ಮಾರಿದ ಕಾರು.

ಆ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಣ್ಣನನ್ನು ಮಣ್ಣು ಮಾಡಿ ಇನ್ನೂ ತಿಂಗಳಾಗಿರಲಿಲ್ಲ. ಕೆಲಸದಿಂದ ಬಂದು ನೋಡಿದರೆ ಗ್ಯಾರೇಜು ಖಾಲಿ, ನೆಲದ ಮೇಲೆ ಎಣ್ಣೆಯ ಕಲೆ. ನೀನು ಅಡುಗೆಮನೆಯಲ್ಲಿ ಸಾರು ಕುಡಿಯುತ್ತಿದ್ದೆ. "ಕಾರೆಲ್ಲಿ?" ಅಂದೆ. "ಹೋಯ್ತು," ಅಂದೆ ನೀನು, ತಲೆ ಎತ್ತದೆ. ಅಮ್ಮ ಒಳಗೆ ಮಲಗಿದ್ದಳು. ಬೆಳಿಗ್ಗೆ ನಾನು ಬಟ್ಟೆ ಕಟ್ಟಿಕೊಂಡು ಮನೆ ಬಿಟ್ಟೆ. ನೀನು ನನ್ನನ್ನು ತಡೆಯಲೂ ಇಲ್ಲ.

ನನ್ನ ಕೆಲಸದಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಇದು ಅಸಲಿಯೇ ಎಂದು. ನಾನು ನಿನ್ನನ್ನು ಎರಡು ಕೇಳುತ್ತೇನೆ. ಆ ಗಾಳಿಕಿಂಡಿ ಕಾರ್ಖಾನೆಯದೇ? ತಾದೆಕ್ ಅದಕ್ಕೆಂದು ಎಷ್ಟು ಹಟ ಮಾಡಿದ್ದ ಎಂದು ನನಗೆ ನೆನಪಿದೆ, ಆದರೂ ನೀನೇ ಹೇಳಬೇಕು. ಎರಡನೆಯದು, ಯಾಕೆ ಮಾರಿದೆ?

ದನೂಟಾ


ಲ್ಯಾಂಕಾಸ್ಟರ್ ಹೊರವಲಯ
15 ಮೇ 1988

ದನೂಟಾ ಅವರಿಗೆ,

ಎಲ್ವುಡ್ ಕ್ರೈಡರ್ ಮಾಡುವ ನಮಸ್ಕಾರ. ನೀವು ಹೋದ ವಾರ ಬಂದು, ಕಾರಿನಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತು, ಒಂದು ಮಾತೂ ಆಡದೆ ಹೊರಟುಹೋದಿರಿ. ನನ್ನ ಹೆಂಡತಿ "ನೀವೇನಾದ್ರೂ ಅಂದ್ರಾ ಅವ್ರಿಗೆ?" ಅಂತ ನನಗೇ ದಬಾಯಿಸಿದಳು. ನಾನೇನೂ ಅಂದಿಲ್ಲವಲ್ಲ!

ಒಂದು ಸಂತೋಷದ ಸುದ್ದಿ. ಅಡ್ಡ ಬರುವುದು ಆ ಮುದ್ದೆ ಒಂದೇ ಅಂದಿದ್ದಿರಿ. ಹಳೆಯ ಕಾರುಗಳ ಪ್ರದರ್ಶನ ಹತ್ತಿರ ಬಂತಲ್ಲ, ಶನಿವಾರ ಪೂರ್ತಿ ಅದರ ಮೇಲೇ ಕೂತೆ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಬಿಸಿ ಮಾಡಿ ಕೆರೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಬಣ್ಣ ಮುಟ್ಟಿಸಿದೆ. ಈಗ ನೀವೇ ಬಂದರೂ ಅಲ್ಲೇನಿತ್ತು ಅಂತ ಹೇಳಲಾರಿರಿ. ನಿನ್ನೆ ಕಾರ್ಖಾನೆಯಿಂದ ಹೊರಬಂದ ಹಾಗಿದೆ.

ಯಾವಾಗ ಬರುತ್ತೀರಿ, ತಿಳಿಸಿ. ಸಹಿ ಹಾಕಿದ ಮೇಲೆ ನಮ್ಮ ಮನೆಯಲ್ಲೇ ಊಟ.

ಎಲ್ವುಡ್ ಕ್ರೈಡರ್


ಹ್ಯಾಮ್ಟ್ರಾಮಿಕ್
16 ಮೇ 1988

ದನುಶಾ,

ಬಹಳ ವರ್ಷದ ಮೇಲೆ ನಿನ್ನನ್ನು ಹೀಗೆ ಕರೆಯುತ್ತಿದ್ದೇನೆ, ಸಹಿಸಿಕೊ. ಮೂರು ದಿನದಿಂದ ಬರೆದು ಬರೆದು ಹರಿಯುತ್ತಿದ್ದೇನೆ.

ಕಿಂಡಿ ಕಾರ್ಖಾನೆಯದೇ. ಕೂರಿಸಿದವನು ನಾನೇ.

ಆಗ ತಾದೆಕ್ ನಮ್ಮಲ್ಲೇ ಬಣ್ಣದ ಕಡೆ ಇದ್ದ, ನಿನಗೆ ಗೊತ್ತು. ಸೇನೆಯ ಕರೆ ಬಂದಾಗಿತ್ತು. ಹೋಗುವ ಮೊದಲು ಕಾರು ಕೈಗೆ ಬರಬೇಕೆಂದು ಅವನ ಹಟ. ಅವನ ಕಾರು ಜೋಡಣೆಯ ಸಾಲಿನಲ್ಲಿ ಬರುತ್ತಿದೆ ಎಂಬ ಸುದ್ದಿ ನಮ್ಮ ಜಾಗ ತಲುಪುವ ಮೊದಲೇ ಎಲ್ಲರ ಬಾಯಲ್ಲೂ ಇತ್ತು. "ಲುಡ್ವಿಕ್, ನಿನ್ನ ಸೊಸೆ ಬರ್ತಾವ್ಳೆ, ಮೀಸೆ ಸರಿ ಮಾಡ್ಕೊ!" ಅಂತ ಒಬ್ಬ ಕೂಗಿದ. ಇನ್ನೊಬ್ಬ, "ಹಸಿರು ಗೌನ್ ಹಾಕ್ಕೊಂಡವ್ಳೆ" ಅಂದ. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ತಾದೆಕ್ ಕಾಫಿಯ ಬಿಡುವಿನಲ್ಲಿ ಓಡಿ ಬಂದ. ಮೈಯೆಲ್ಲ ಬಣ್ಣ. ತನ್ನ ಜಾಗ ಬಿಟ್ಟು ಬರುವ ಹಾಗಿರಲಿಲ್ಲ, ಮೇಸ್ತ್ರಿ ಬೇರೆ ಕಡೆ ಮುಖ ತಿರುಗಿಸಿ ನಿಂತ. "ಅಪ್ಪ, ಬೋಲ್ಟ್ ಸರಿಯಾಗಿ ಬಿಗಿ ಮಾಡು, ನಿನ್ನ ಕೆಲ್ಸ ನಂಗೊತ್ತು" ಅಂದ. "ಹೋಗೋ ಲೇ, ನೀನು ತೊಟ್ಲಲ್ಲಿ ಉಚ್ಚೆ ಹೊಯ್ಕೊಳ್ತಿದ್ದಾಗಿಂದ ಬಿಗಿ ಮಾಡ್ತಿದೀನಿ" ಅಂದೆ. ಪಕ್ಕದ ಲೆರಾಯ್ ಕೈಯಲ್ಲಿ ಅಂಟಿನ ಗನ್ ಇತ್ತು. ಅವನ ಕೆಲಸ ಎಂಜಿನ್ನಿನ ಹಿಂದಿನ ಗೋಡೆಯ ಸಂದಿಗೆ. ಅವನು ನನ್ನ ಕಿಂಡಿಯ ಕೆಳಗಿನ ಪಟ್ಟಿಗೆ ಪಿಚಕ್ಕನೆ ಒಂದು ಮುದ್ದೆ ಹಾಕಿ, "ಅಪ್ಪ ಮಗ ಇಬ್ರೂ ಹೆಬ್ಬೆಟ್ಟು ಒತ್ರಪ್ಪ! ಸಹಿ ಹಾಕೋಕಂತೂ ಬರಲ್ಲ ನಿಮ್ಗೆ" ಅಂದ. ನಾನು ಒತ್ತಿದೆ. ತಾದೆಕ್ ಪಕ್ಕದಲ್ಲಿ ಒತ್ತಿದ. ಆ ಬೆರಳನ್ನು ಲೆರಾಯ್‌ನ ಅಂಗಿಗೆ ಒರೆಸಿ ಓಡಿದ. ಸಾಲು ಮುಂದಕ್ಕೆ ಹೋಯಿತು.

ನೀನು ಗುಳಿ ಅಂತ ಬರೆದಿದ್ದು ಅದು.

ಅಕ್ಟೋಬರಿನಲ್ಲಿ ಯುದ್ಧದಿಂದ ಅವನ ಹೆಣದ ಪೆಟ್ಟಿಗೆ ಬಂತು. ತೆರೆಯಬೇಡಿ ಅಂದರು. ನಿನ್ನಮ್ಮ ಆ ಅಧಿಕಾರಿಯ ತೋಳು ಹಿಡಿದುಕೊಂಡು, "ಕೈ ಒಂದ್ನಾದ್ರೂ ತೋರ್ಸಿ ಸ್ವಾಮಿ, ಕೈ ಒಂದ್ನಾದ್ರೂ" ಅಂತ ಕೇಳಿದಳು. ನೀನು ಅಲ್ಲೇ ನಿಂತಿದ್ದೆ. ತೋರಿಸಲಿಲ್ಲ. ಆ ರಾತ್ರಿ ಅವಳಿಗೆ ಸಮಾಧಾನವಾಗಲಿ ಅಂತ ಹೆಬ್ಬೆಟ್ಟಿನ ವಿಷಯ ಹೇಳಿದೆ, ಬಾನೆಟ್ ಎತ್ತಿ ತೋರಿಸಿದೆ. ಅವಳು ತಾದೆಕ್‌ನ ಗುಳಿಯಲ್ಲಿ ತನ್ನ ಬೆರಳಿಟ್ಟಳು. ಆಮೇಲೆ ದಿನಾ ಹೋಗತೊಡಗಿದಳು. ಒಲೆಯ ಮೇಲೆ ಸಾರು ಸೀದುಹೋದರೂ ಗೊತ್ತಾಗುತ್ತಿರಲಿಲ್ಲ, ಗ್ಯಾರೇಜಿನಲ್ಲೇ ಇರುತ್ತಿದ್ದಳು. ಒಂದು ದಿನ ನಾನು ಪಾಳಿ ಮುಗಿಸಿ ಬಂದಾಗ ಗ್ಯಾರೇಜಿನ ಬಾಗಿಲು ಮುಚ್ಚಿತ್ತು, ಒಳಗೆ ಎಂಜಿನ್ ಓಡುತ್ತಿತ್ತು. ಬಾಗಿಲ ಸಂದಿಗೆ ಕಂಬಳಿ ತುರುಕಿದ್ದಳು.

ಆ ಹೊಗೆಯಿಂದ ಅವಳನ್ನು ಎಳೆದು ಹೊರಗೆ ಹಾಕಿದೆ. ಉಸಿರಿತ್ತು. ಮಾರನೇ ದಿನ ಆ ಕಾರನ್ನು ಮೊದಲು ಕೇಳಿದವನಿಗೆ ಕೊಟ್ಟುಬಿಟ್ಟೆ, ಈ ಬೀದಿಗೆ ಮತ್ತೆ ತರಬಾರದು ಅಂತ ಹೇಳಿ. "ದನುಶಾಗೆ ಹೇಳ್ಬೇಡ, ಅವ್ಳಿಗೆ ನಾನು ಬದ್ಕಿರೋ ಅಮ್ಮ ಆಗೇ ಇರ್ಬೇಕು" ಅಂತ ನಿನ್ನಮ್ಮ ಭಾಷೆ ತೆಗೆದುಕೊಂಡಳು. ಈಗ ಅವಳಿಲ್ಲ. ನೀನೂ ಕೇಳಿಬಿಟ್ಟೆ.

ಕೊಡುವ ಮೊದಲು ಆ ಮುದ್ದೆಯನ್ನು ಕಿತ್ತಿಟ್ಟುಕೊಳ್ಳೋಣವೆಂದು ಚಾಕು ತೆಗೆದುಕೊಂಡು ಹೋದೆ. ಕಿತ್ತರೆ ಪುಡಿಯಾದೀತೆಂದು ಹೆದರಿ ವಾಪಸು ಬಂದೆ. ಎಲ್ಲೋ ಒಂದು ಕಡೆ ಇಡಿಯಾಗಿ ಇರಲಿ ಅಂತ. ನಿನ್ನ ಮೊದಲ ಕಾಗದದಲ್ಲಿ ಅದು ಇದೆ ಅಂತ ಓದಿದಾಗ ನಾನು ಭೂತಗನ್ನಡಿ ಹಿಡಿದುಕೊಂಡು ಅದೇ ಸಾಲನ್ನು ಎಷ್ಟು ಸಲ ಓದಿದೆನೋ!

ಅವನ ಮೈಯಿಂದ ಉಳಿದಿರುವುದು ಇಷ್ಟೇ ಮಗಳೇ. ನಾನು ಬಸ್ಸಿನಲ್ಲಿ ಬರುತ್ತೇನೆ, ಜೂನಿನಲ್ಲಿ. ಕಣ್ಣಿಗೆ ಕಾಣದಿದ್ದರೆ ಬೇಡ, ಬೆರಳಿಗೆ ಗೊತ್ತಾಗುತ್ತದೆ. ಒಂದು ಸಲ ಅದರಲ್ಲಿ ಬೆರಳಿಟ್ಟು ಹೋಗುತ್ತೇನೆ. ಕಾರಿನವರಿಗೆ ಹೇಳಿಡು.

ಅಪ್ಪ


ಲ್ಯಾಂಕಾಸ್ಟರ್
3 ಜೂನ್ 1988

ಎಲ್ವುಡ್ ಅವರಿಗೆ,

ನಿನ್ನೆ ನೀವೂ ನಿಮ್ಮ ಹೆಂಡತಿಯೂ ಮೊಣಕಾಲೂರಿ ನನ್ನ ಜೊತೆ ಕಸದ ಡ್ರಮ್ಮು ಸೋಸಿದ್ದನ್ನು ಮರೆಯುವುದಿಲ್ಲ. ಸಿಕ್ಕಿದ್ದು ಒಂದು ಹಿಡಿ ಕರಿಪುಡಿ. ಅದರಲ್ಲಿ ಯಾವುದು ಅವನದು, ಯಾವುದು ಬ್ರಷ್ಷಿನ ತುಕ್ಕು? ನಿಮ್ಮ ತಪ್ಪೇನೂ ಇಲ್ಲ. ನಾನು ಅಡ್ಡ ಅಂದೆ, ನೀವು ತೆಗೆದಿರಿ. ನನ್ನ ಕಣ್ಣಿಗೇ ಅದು ಗೊತ್ತಾಗಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಅವನ ಕತ್ತಿನ ಹಿಂಭಾಗ ನೋಡಿಕೊಂಡು ಊರೆಲ್ಲ ಸುತ್ತಿದವಳು ನಾನು.

ಅಪ್ಪ ಹದಿನೆಂಟನೇ ತಾರೀಕು ಬರುತ್ತಾರೆ. ಇದನ್ನು ಅವರಿಗೆ ಬರೆಯಲು ನಾಲ್ಕು ಸಲ ಕೂತೆ, ಆಗಲಿಲ್ಲ. ನಾಳೆ ಹಳೆಯ ಕಾಲದ ಅದೇ ಅಂಟಿನ ಒಂದು ಟ್ಯೂಬು ತರುತ್ತೇನೆ. ಬಾನೆಟ್ ಎತ್ತಿಟ್ಟಿರಿ, ಆಮೇಲೆ ಬಲ್ಬು ಉರಿಸಿ ಒಣಗಿಸಬೇಕು. "ಮುದುಕ್ರ ಬೆರಳು ತಾನೇ, ನಂದೂ ಹಾಗೇ ಇದೆ, ಒತ್ಬಿಡ್ತೀನಿ" ಅಂದಿರಿ. ನಿಮ್ಮ ಒಳ್ಳೆಯತನ. ಆದರೆ ಬೇರೆ ಮನೆಯ ಬೆರಳು ಅಲ್ಲಿ ಬೇಡ. ಎರಡನ್ನೂ ನಾನೇ ಒತ್ತುತ್ತೇನೆ, ಒಂದನ್ನು ಸ್ವಲ್ಪ ತಿರುವಿ ಅಗಲ ಮಾಡುತ್ತೇನೆ.

ಗಾಳಿಕಿಂಡಿ ಅಸಲಿ, ಅದಕ್ಕೆ ನನ್ನ ಸಹಿ ಇದೆ. ಅಂಟಿನ ಬಗ್ಗೆ ಒಂದಕ್ಷರವೂ ಬರೆಯುವುದಿಲ್ಲ. ಇಂಥದ್ದನ್ನೇ ಬೇರೆಯವರು ಮಾಡಿದಾಗ ಹಿಡಿದು ಪ್ರದರ್ಶನದಿಂದ ಹೊರಗೆ ಹಾಕಿಸಿದವಳು ನಾನು, ಅದು ನಿಮಗೂ ಗೊತ್ತು. ದಯವಿಟ್ಟು ಅವರ ಮುಂದೆ ಏನೂ ಆಡಬೇಡಿ.

ದನೂಟಾ ಮಾಜೂರ್


ಲ್ಯಾಂಕಾಸ್ಟರ್
6 ಜೂನ್ 1988

ಅಪ್ಪ,

ಬಾ. ಬಸ್ ನಿಲ್ದಾಣದಲ್ಲಿ ಇರುತ್ತೇನೆ. ಕಾರು ಇಲ್ಲೇ ಇದೆ.

ಅಮ್ಮನ ವಿಷಯಕ್ಕೆ ಏನು ಬರೆಯಲಿ ನಾನು? ಇಷ್ಟು ವರ್ಷ ನಿನ್ನನ್ನು ಬೈದುಕೊಂಡೇ ಬದುಕಿದೆ. ನೀನು ಬೈಸಿಕೊಂಡೇ ಇದ್ದೆ. ಬಂದಾಗ ಮಾತಾಡೋಣ.

ದನುಶಾ


ಹ್ಯಾಮ್ಟ್ರಾಮಿಕ್
27 ಜೂನ್ 1988

ದನುಶಾ,

ಊರು ಸೇರಿದೆ. ಸೊಂಟ ಹಿಡಿದುಕೊಂಡಿತ್ತು, ಈಗ ಬಿಟ್ಟಿದೆ. ನೀನು ಕಟ್ಟಿಕೊಟ್ಟ ಪಿಯೆರೋಗಿ ಒಹಾಯೋ ದಾಟುವಷ್ಟರಲ್ಲಿ ಖಾಲಿ. ಹಿಟ್ಟು ಸ್ವಲ್ಪ ದಪ್ಪವಾಯಿತು, ಆದರೆ ಒಂದೂ ಬಾಯಿ ಬಿಟ್ಟಿರಲಿಲ್ಲ.

ಎಲ್ವುಡ್ ಒಳ್ಳೆಯ ಮನುಷ್ಯ. ನಾನು ಬಾನೆಟ್ ಕೆಳಗೆ ಬಗ್ಗಿದಾಗ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಂತ. ಕಾರಿನ ಮುಂದೆ ಯಾರಾದರೂ ಟೋಪಿ ತೆಗೆಯುತ್ತಾರಾ? ನನಗೆ ಆಗಲೇ ಏನೋ ಆಗಿದೆ ಅನ್ನಿಸಿತು. ನೀನಂತೂ ಗೋಡೆ ನೋಡುತ್ತಿದ್ದೆ.

ಮೊದಲು ನನ್ನ ಗುಳಿಯಲ್ಲೇ ಬೆರಳಿಟ್ಟೆ. ನನ್ನ ಗುಳಿಯಲ್ಲಿ ನನ್ನ ಬೆರಳೇ ಹಿಡಿಸಲಿಲ್ಲ. ಉಗುರು ಊರಿದೆ, ಮೆತ್ತಗೆ ಒಳಗಿಳಿಯಿತು. ಹದಿನೆಂಟು ವರ್ಷದ ಅಂಟಿಗೆ ಉಗುರು ಇಳಿಯುತ್ತದಾ ಮಗಳೇ? ಮೂವತ್ತು ವರ್ಷ ಆ ಅಂಟಿನ ಪಕ್ಕದಲ್ಲಿ ನಿಂತವನು ನಾನು. ಆಮೇಲೆ ತಾದೆಕ್‌ನ ಗುಳಿಯಲ್ಲಿ ಇಟ್ಟೆ. ಅದೂ ಅದೇ ಬೆರಳು.

"ಇದೇ, ಇದೇ" ಅಂದೆನಲ್ಲ. ನೀನು ಬಿಕ್ಕಿದ್ದು ಕೇಳಿಸಿತು. ಅದಕ್ಕೇ ಹಾಗಂದೆ.

ಬಸ್ಸಿನಲ್ಲಿ ಅತ್ತೆ. ಸುಳ್ಳು ಹೇಳುವುದಿಲ್ಲ, ಬಹಳ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕರವಸ್ತ್ರ ಕೊಟ್ಟು, "ಯಾರು ತೀರ್ಕೊಂಡ್ರು?" ಅಂತ ಕೇಳಿದಳು. "ಮಗ" ಅಂದೆ. "ಯಾವಾಗ?" ಅಂದಳು. ಹೋದ ತಿಂಗಳು ಅಂದುಬಿಟ್ಟೆ.

ಹೇಗೆ ಹೋಯಿತು ಅಂತ ನಾನು ಕೇಳುವುದಿಲ್ಲ. ನೀನೂ ಬರೆಯಬೇಡ. ಯಾರು ಕೆರೆದರೂ ಕಾರು ಚೆನ್ನಾಗಿ ಕಾಣಲಿ ಅಂತಲೇ ಕೆರೆದಿರುತ್ತಾರೆ. ನಾನು ಚಾಕು ಹಿಡಿದು ಹೋದ ದಿನ ನನ್ನ ಕೈಯಲ್ಲೇ ಹೋಗಬಹುದಿತ್ತು.

ಆದರೆ ಒಂದು ಹೇಳಬೇಕು. ಆ ಗುಳಿಯಲ್ಲಿ ಬೆರಳಿಟ್ಟುಕೊಂಡು ಇದು ಯಾರದು ಅಂತ ನಾನು ಯೋಚನೆ ಮಾಡಲೇ ಇಲ್ಲ. ತುದಿ ಚಪ್ಪಟೆ, ಒಂದು ಬದಿಗೆ ವಾಲಿದ್ದು. ಪಿಯೆರೋಗಿಯ ಅಂಚಿನ ಮೇಲೆ ನಿನ್ನಮ್ಮ ಬದುಕಿದ್ದಷ್ಟು ದಿನವೂ ಅದನ್ನು ನೋಡಿದ್ದೇನೆ. ಬಸ್ಸಿನಲ್ಲಿ ಬುತ್ತಿ ಬಿಚ್ಚಿದರೆ ಅದರ ಮೇಲೂ ಅದೇ. ನಿನ್ನ ಬೆರಳು ಅವಳದು ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ನಿನ್ನ ಕೈ ಹಿಡಿದು ಎಷ್ಟು ವರ್ಷವಾಗಿತ್ತು, ನೀನೇ ಹೇಳು.

ನೀವಿಬ್ಬರೂ ಕಾಫಿ ತರಲು ಒಳಗೆ ಹೋದಿರಲ್ಲ, ಆಗ ಬಲ್ಬು ಹತ್ತಿರ ಹಿಡಿದು ಅಂಟಿನ ಅಂಚನ್ನು ಸ್ವಲ್ಪ ಬೆಚ್ಚಗೆ ಮಾಡಿ ನಿನ್ನ ಎರಡರ ಪಕ್ಕದಲ್ಲಿ ನನ್ನದೂ ಒಂದು ಒತ್ತಿ ಬಂದಿದ್ದೇನೆ. ಎಲ್ವುಡ್‌ಗೆ ಹೇಳು, ಈ ಸಲ ಕೆರೆಯೋದು ಬೇಡ ಅಂತ.

ಅಪ್ಪ